ಒಂದು ತಪ್ಪು ಇರಲಿ

ಕುರ್ಚಿಯ ಮೇಲೆ ಕೂತದ್ದೇ ತಪ್ಪಾಯಿತೇನೋ ಎಂದು ಕೊಟ್ರಮ್ಮನಿಗೆ ಅನಿಸತೊಡಗಿ ಬಹಳ ಹೊತ್ತಾಗಿತ್ತು. ಬೆತ್ತದ ಕುರ್ಚಿ, ಯಾವ ಕಾಲದ ದೊರೆಸಾನಿಯೋ ಕೂತು ಕೂತು ನಡುವೆ ತಗ್ಗು ಮಾಡಿ ಹೋಗಿದ್ದಳು. ಹಿಂದಕ್ಕೆ ಸರಿದು ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಅಂಚಿನಲ್ಲಿ ಕೂತರೆ ಬೆತ್ತ ತೊಡೆಗೆ ಒತ್ತುತ್ತಿತ್ತು. ನೆಲದ ಮೇಲೆ ಕೂರೋಣವೆಂದರೆ ಜವಾನ ಚಾಂದಸಾಬ್ ಆಗಲೇ ಒಮ್ಮೆ ಎಬ್ಬಿಸಿದ್ದ. ಬೆಳಿಗ್ಗೆ ಬಂದವಳು ಗುಡಿಗೆ ಬಂದವರಂತೆ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ವರಾಂಡದ ಗೋಡೆಗೆ ಒರಗಿ, ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಕೂತಿದ್ದಳು. ಅವನು ಬಂದು, ಹಾಗೆಲ್ಲ ಕೂರಬಾರದು, ಕುರ್ಚಿ ಇರುವುದು ಯಾಕೆ, ಚಪ್ಪಲಿಯೂ ಹೊರಗೆ ಬೇಡ, ನಾಯಿ ಕಚ್ಚಿಕೊಂಡು ಹೋಗುತ್ತದೆ ಎಂದು ಮೆಲ್ಲಗೆ ಹೇಳಿದ್ದ. ಮೆಲ್ಲಗೆ ಹೇಳಿದ್ದರಿಂದಲೇ ಹೆಚ್ಚು ನಾಚಿಕೆಯಾಗಿತ್ತು. ಚಪ್ಪಲಿ ಅವಳದಲ್ಲ. ನಿನ್ನೆ ರಾತ್ರಿ ಉಳಿದುಕೊಂಡಿದ್ದ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಅಕ್ಕ ವಿರೂಪಮ್ಮ, ಕಂಟೋನ್ಮೆಂಟಿನ ಬಂಗಲೆಗೆ ಹರಕು ಹವಾಯಿ ಮೆಟ್ಟಿಕೊಂಡು ಹೋಗುತ್ತೀಯಾ ಎಂದು ತನ್ನ ಹೊಸ ಚಪ್ಪಲಿಯನ್ನು ಕೊಟ್ಟಿದ್ದಳು. ಹಿಮ್ಮಡಿಯ ಹಿಂದೆ ಒಂದು ಬೆರಳಿನಷ್ಟು ಜಾಗ ಉಳಿಯುತ್ತಿದ್ದ ಆ ಚಪ್ಪಲಿಗಳು ಬಂಗಲೆಯ ಕಲ್ಲುಹಾಸಿನ ಮೇಲೆ ಹೆಜ್ಜೆಗೊಮ್ಮೆ ಟಪ್ಪೆಂದು ಹೊಡೆದು, ಇವು ಇವಳವಲ್ಲ ಎಂದು ಊರಿಗೆಲ್ಲ ಡಂಗುರ ಸಾರುತ್ತಿದ್ದವು.

ಮುಚ್ಚಿದ ಬಾಗಿಲಿನ ಆಚೆಯಿಂದ ಮಗಳ ದನಿ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ. ಪರೀಕ್ಷೆ ಮಾಡಲು ಬಂದಿದ್ದ ಅಕ್ಕಾರು ಏನೋ ಕೇಳುವುದು, ಮಗಳು ಎರ್ರಿ ಥಟ್ಟನೆ ಹೇಳುವುದು, ಕೇಳುವುದು, ಹೇಳುವುದು. ನಡುನಡುವೆ ಒಮ್ಮೊಮ್ಮೆ ಮಗಳು ತಡೆಯುತ್ತಿದ್ದಳು. ಆ ತಡೆ ಬಂದಾಗಲೆಲ್ಲ ಕೊಟ್ರಮ್ಮನ ಕೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಗೊತ್ತಾಗಲಿಲ್ಲವೇನೋ, ಗೊತ್ತಾಗದಿದ್ದರೆ ಏನಾಯಿತು, ಗೊತ್ತಾಗದಿದ್ದರೇ ಒಳ್ಳೆಯದಲ್ಲವೇ ಎಂದು ಮನಸ್ಸು ಹರಿಯುತ್ತಿತ್ತು. ಆಮೇಲೆ, ಹೆತ್ತವಳು ಹೀಗೆ ಯೋಚಿಸುತ್ತಾಳೆಯೇ ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಧಾರವಾಡದ ಆಚೆ ಎಲ್ಲೋ ಒಂದು ವಸತಿ ಶಾಲೆಯಂತೆ. ಹಳ್ಳಿಗಾಡಿನ ಚುರುಕು ಮಕ್ಕಳನ್ನು ಆರಿಸಿ, ಊಟ ಬಟ್ಟೆ ಎಲ್ಲ ಅವರೇ ನೋಡಿಕೊಂಡು, ಕಾಲೇಜಿನ ತನಕ ಓದಿಸುತ್ತಾರಂತೆ. ಆರಿಸುವುದು ಈ ಪರೀಕ್ಷೆಯಿಂದ. ಇದು ಶಾಲೆಯ ಪರೀಕ್ಷೆಯಂಥದಲ್ಲ, ಪಾಠ ಕೇಳುವುದಿಲ್ಲ, ಬುದ್ಧಿಯನ್ನೇ ಅಳೆಯುತ್ತಾರೆ ಎಂದು ಸಿರುಗುಪ್ಪದ ಮರಿಬಸಪ್ಪ ಮೇಷ್ಟ್ರು ಮನೆಗೆ ಬಂದು ಹೇಳಿದ್ದರು. ಒಂಬತ್ತು ತುಂಬಿದರೆ ಸೇರಿಸಿಕೊಳ್ಳುವುದಿಲ್ಲ. ಎರ್ರಿಗೆ ಶ್ರಾವಣಕ್ಕೆ ಒಂಬತ್ತು. ಆದ್ದರಿಂದ ಆದರೆ ಈ ಸಲ, ಇಲ್ಲದಿದ್ದರೆ ಇಲ್ಲ. ಬುದ್ಧಿಯನ್ನು ಅಳೆಯುವುದೆಂದರೆ ಹೇಗೆ ಎಂದು ಕೊಟ್ರಮ್ಮ ಅಂದು ಕೇಳಲಿಲ್ಲ. ಅಳೆದದ್ದು ಬೆಳೆಯುವುದಿಲ್ಲ, ಮಲಗಿದ ಕೂಸಿನ ಉದ್ದವನ್ನು ಗೇಣಿನಿಂದ ನೋಡಬಾರದು ಎಂದು ತವರು ಕುರುಗೋಡಿನಲ್ಲಿ ಅವ್ವ ಅನ್ನುತ್ತಿದ್ದದ್ದು ಮಾತ್ರ ನೆನಪಾಗಿತ್ತು.

ಬರಬೇಕಾದವನು ಗಂಡ ಉಜ್ಜಿನಪ್ಪ. ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಅವನಿಗೆ ಬೇಸಿಗೆ ಭತ್ತ ಬಂದು ಬಿದ್ದಿರುವಾಗ ರಜೆ ಎಲ್ಲಿಯದು. ನೀನೇ ಹೋಗಿ ಬಾ, ಅದರಲ್ಲೇನಿದೆ, ಉತ್ತರ ಹೇಳುವವಳು ಮಗಳು, ನೀನು ಬಾಯಿ ಮುಚ್ಚಿಕೊಂಡು ಕೂತರೆ ಸಾಕು ಎಂದಿದ್ದ. ಹೇಳಿದವನು ಸುಮ್ಮನಿರಲಿಲ್ಲ, ಚಹದಂಗಡಿಯಲ್ಲೆಲ್ಲ ಸಾರಿಕೊಂಡು ಬಂದ. ಅದೇ ಅವಳಿಗೆ ಆಗದು. ಇವನ ಮಾತು ಯಾರ ಯಾರ ಕಿವಿಗೆ ಬಿತ್ತೋ, ಯಾರು ಹೂಂ ಅಂದರೋ, ಯಾರು ಒಳಗೇ ಉರಿದುಕೊಂಡರೋ. ಅವಧೂತ ಎರ್ರಿತಾತನ ಹರಕೆಯಿಂದ ಹುಟ್ಟಿದವಳೆಂದು ಮಗಳಿಗೆ ಎರ್ರಮ್ಮ ಎಂದು ಹೆಸರಿಟ್ಟದ್ದು. ಬೆಳಿಗ್ಗೆ ಆ ಹೆಸರು ಕೇಳಿ ಪರೀಕ್ಷೆಯ ಅಕ್ಕಾರು ಚೂರು ನಕ್ಕಿದ್ದರು. ಮೈಸೂರು ಕಡೆಯವರು, ಕನ್ನಡಕ ಹಾಕಿದ ಗಟ್ಟಿ ಹೆಂಗಸು. ತೆಲುಗಿನಲ್ಲಿ ಎರ್ರಿ ಅಂದರೆ ಪೆದ್ದು ಅಂತ ಅಲ್ಲವೇ ಎಂದು ಕೇಳಿದ್ದರು. ಹೌದ್ರಿ ಎಂದು ಕೊಟ್ರಮ್ಮ ಸಂತೋಷದಿಂದಲೇ ತಲೆಯಾಡಿಸಿದ್ದಳು. ಅಂಥ ಹೆಸರಿನ ನೆರಳಿನಲ್ಲಿ ಮಗಳು ತಂಪಾಗಿ ಇರಲಿ ಎಂಬುದೇ ಅವಳ ಆಸೆ.

ಆಮೇಲೆ ಅಕ್ಕಾರು ತಾಯಿಗೂ ಪ್ರಶ್ನೆ ಹಾಕಿದ್ದರು. ಯಾವಾಗ ನಡೆದಳು, ಯಾವಾಗ ಮಾತಾಡಿದಳು, ಅಕ್ಷರ ಯಾವಾಗ ಕಲಿತಳು, ಮನೆಯಲ್ಲಿ ಏನು ಓದುತ್ತಾಳೆ. ಕೊಟ್ರಮ್ಮ ಒಂದಕ್ಕೂ ನಿಜ ಹೇಳಲಿಲ್ಲ. ಮಾತು ತಡವಾಗಿ ಬಂತು, ಎಲ್ಲ ಮಕ್ಕಳ ಹಾಗೆಯೇ ಸಾಲಿಗೆ ಹೋದ ಮೇಲೆ ಅಕ್ಷರ ಬಂತು, ಮನೆಯಲ್ಲಿ ಏನೂ ಓದುವುದಿಲ್ಲ, ಆಡುತ್ತಾಳೆ, ಅಷ್ಟೇ. ಹೇಳುವಾಗ ನಾಲಿಗೆ ತೊದಲಲಿಲ್ಲ. ವರ್ಷಗಳಿಂದ ನೆರೆಹೊರೆಗೆ, ಬಸ್ಸಿನಲ್ಲಿ ಸಿಕ್ಕವರಿಗೆ, ಮಠದ ಜಗುಲಿಯಲ್ಲಿ ಕೂತವರಿಗೆ ಹೇಳಿ ಹೇಳಿ ರೂಢಿಯಾದ ಮಾತು. ನಿಜವೆಂದರೆ ಆ ಕೂಸು ಒಲೆಯ ಮುಂದೆ ಬಿದ್ದ ಇದ್ದಿಲಿನಿಂದ ತಾನಾಗಿಯೇ ಅಕ್ಷರ ಗೀಚತೊಡಗಿದಾಗ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅದನ್ನು ಕೊಟ್ರಮ್ಮ ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲ ಕಡೆ ನೋಡಿ, ಯಾರೂ ಕಾಣಲಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಳು. ಹೆಮ್ಮೆಯಾಗಿರಲಿಲ್ಲವೆಂದಲ್ಲ. ಎದೆ ತುಂಬಿ ಬಂದಿತ್ತು. ಆದರೆ ಆ ಹೆಮ್ಮೆಯನ್ನು ಹೊರಗೆ ತೆಗೆಯಲು ಅವಳಿಗೆ ಧೈರ್ಯವಿರಲಿಲ್ಲ.

ಧೈರ್ಯ ಮಾಡಿದ್ದು ಒಮ್ಮೆ. ಸಿರುಗುಪ್ಪದ ಬಸ್ ನಿಲ್ದಾಣ, ಎರ್ರಿಗೆ ನಾಲ್ಕು ವರ್ಷ, ಕುರುಗೋಡಿಗೆ ಹೊರಟಿದ್ದರು. ಮಗಳು ಸೊಂಟದ ಮೇಲೆ ಕೂತೇ ಬಸ್ಸಿನ ಬೋರ್ಡು, ಸಿನಿಮಾದ ಪೋಸ್ಟರು, ಗೋಡೆಯ ಮೇಲಿನ ಗೊಬ್ಬರದ ಜಾಹೀರಾತು, ಕನ್ನಡವೋ ತೆಲುಗೋ ನೋಡದೆ ಎಲ್ಲವನ್ನೂ ಗಟ್ಟಿಯಾಗಿ ಓದತೊಡಗಿದಳು. ಜನ ಕೂಡಿದರು. ಇದನ್ನು ಓದು, ಅದನ್ನು ಓದು ಎಂದರು. ಯಾರೋ ಮಿರ್ಚಿ ಬಜ್ಜಿ ಕೊಡಿಸಿದರು. ಕೊಟ್ರಮ್ಮ ತಡೆಯಲಿಲ್ಲ, ನಗುತ್ತ ನಿಂತಿದ್ದಳು. ಒಂದಿಷ್ಟು ಹೊತ್ತು, ತಾನು ಇಂಥವಳ ತಾಯಿ ಎಂದು ಎಲ್ಲರೂ ನೋಡಲಿ ಅನಿಸಿತ್ತು. ಪಕ್ಕದ ಮನೆಯ ಹೊನ್ನೂರಮ್ಮನೂ ಅಲ್ಲಿದ್ದಳು. ಇದು ಮನುಷ್ಯರ ಕೂಸಲ್ಲ ಬಿಡವ್ವ ಎಂದು ಗಲ್ಲ ಹಿಂಡಿದಳು. ಕುರುಗೋಡು ಮುಟ್ಟುವಷ್ಟರಲ್ಲಿ ಮೈ ಕೆಂಡ. ವಿಷಮಶೀತ ಜ್ವರವೆಂದು ಡಾಕ್ಟರು ಹೇಳಿದರು. ತಲೆಗೂದಲು ಉದುರಿ, ಕಣ್ಣು ಒಳಗೆ ಹೋಗಿ, ಕೂಸು ಕೈಗೆ ದಕ್ಕುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ನೀರಿನಿಂದ ಬಂದ ಜ್ವರವೆಂದು ಗಂಡ ಇವತ್ತಿಗೂ ಹೇಳುತ್ತಾನೆ. ಇರಬಹುದು. ಡಾಕ್ಟರು ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. ಆ ಜ್ವರದ ಹಾಸಿಗೆಯ ಪಕ್ಕದಲ್ಲಿ ಕೂತೇ ಅವ್ವ ಗುರುಬಸಮ್ಮ ಕೌದಿ ಹೊಲಿಯುತ್ತಿದ್ದಳು, ಮೊಮ್ಮಗಳಿಗೆ ಹೊದಿಸಲಿಕ್ಕೆ. ಹಳೇ ಸೀರೆಯ ತುಂಡು, ಪಂಚೆಯ ತುಂಡುಗಳನ್ನು ಬಣ್ಣ ನೋಡಿ ಜೋಡಿಸಿ, ಎಲ್ಲ ಚಂದವಾಗಿ ಕೂತ ಮೇಲೆ ಒಂದು ಮೂಲೆಗೆ ಬೇಕೆಂದೇ ಹೊಂದದ ಕರೀ ತುಂಡನ್ನು ಸೊಟ್ಟಗೆ ಇಟ್ಟು ಹೊಲಿದಳು. ಅವಳ ಎಲ್ಲ ಕೌದಿಗಳಲ್ಲೂ ಅದು ಇರುತ್ತಿತ್ತು. ರಂಗೋಲಿ ಹಾಕಿದರೂ ಒಂದು ಚುಕ್ಕಿ ಬಿಡುತ್ತಿದ್ದಳು. ಪೂರಾ ಚಂದ ಆದದ್ದರ ಮೇಲೆ ಕಣ್ಣು ನಿಲ್ಲುತ್ತದೆ, ಒಂದು ತಪ್ಪು ಇದ್ದರೆ ಕಣ್ಣು ಅಲ್ಲಿಗೆ ಹೋಗಿ ಸುಮ್ಮನಾಗುತ್ತದೆ ಎಂದು ಹೇಳಿದ್ದಳು. ಮಗಳು ಎದ್ದು ಕೂತ ದಿನ ಕೊಟ್ರಮ್ಮ ಅದನ್ನೇ ಅವಳ ಕಿವಿಯಲ್ಲಿ ಹೇಳಿದಳು. ಮಂದಿ ಮುಂದೆ ಎಲ್ಲ ಸರಿ ಹೇಳಬೇಡ, ಒಂದು ತಪ್ಪು ಇರಲಿ. ಕೂಸು ಒಮ್ಮೆ ಕೇಳಿದ್ದನ್ನು ಮರೆಯುವ ಕೂಸಲ್ಲ.

ಬಾಗಿಲು ತೆರೆದು ಎರ್ರಿ ಹೊರಗೆ ಬಂದಳು. ಕೆನ್ನೆಯ ಮೇಲೆ ಬೆಳಿಗ್ಗೆ ಇಟ್ಟ ಕಾಡಿಗೆ ಬೊಟ್ಟು ಬೆವರಿಗೆ ಕರಗಿ ಕಿವಿಯ ತನಕ ಹೋಗಿತ್ತು. ಕಣ್ಣು ಮಾತ್ರ ಮಿನುಗುತ್ತಿದ್ದವು, ಹಬ್ಬದೂಟ ಮಾಡಿ ಎದ್ದವರಂತೆ. ಅಕ್ಕಾರು ಅವಳನ್ನು ಚಾಂದಸಾಬನ ಜೊತೆಗೆ ನೀರು ಕುಡಿಯಲು ಕಳಿಸಿ, ನೀವು ಒಳಗೆ ಬನ್ನಿ ಎಂದು ಕೊಟ್ರಮ್ಮನನ್ನು ಕರೆದರು. ಟಪ್, ಟಪ್ ಎಂದು ಚಪ್ಪಲಿ ಬಡಿಯುತ್ತ ಅವಳು ಒಳಗೆ ಹೋದಳು. ಮೇಜಿನ ಮೇಲೆ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು. ಅಕ್ಕಾರು ಹಣೆ ಒತ್ತಿಕೊಳ್ಳುತ್ತ ಮಾತು ಶುರು ಮಾಡಿದರು. ಅವರ ಕನ್ನಡ ನುಣುಪಾಗಿತ್ತು, ಹಿಡಿಯಲು ಸಿಗದೆ ಜಾರುತ್ತಿತ್ತು. ಅರ್ಥವಾದದ್ದಿಷ್ಟು. ಇಂಥ ಮಗು ಸಿಕ್ಕಿದೆ ಎಂದು ಅವರಿಗೆ ಮೊದಮೊದಲು ಸಂತೋಷವಾಯಿತು. ದೊಡ್ಡ ಮಕ್ಕಳಿಗೂ ಬಾರದ ಪ್ರಶ್ನೆಗೆ ಇವಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಉತ್ತರ ಹೇಳುತ್ತಾಳೆ. ಆದರೆ ಪ್ರಶ್ನೆಗಳ ಪ್ರತಿಯೊಂದು ಕಟ್ಟಿನಲ್ಲೂ ಎಲ್ಲಕ್ಕಿಂತ ಸುಲಭದ್ದು ಯಾವುದೋ ಅದನ್ನು ತಪ್ಪು ಹೇಳುತ್ತಾಳೆ. ಅಕ್ಕಾರು ಒಂದು ಕಾರ್ಡನ್ನು ತಿರುಗಿಸಿ ತೋರಿಸಿದರು. ಕುರ್ಚಿಯ ಚಿತ್ರ, ಮೂರೇ ಕಾಲು. ಇದರಲ್ಲಿ ಏನಿಲ್ಲ ಎಂದು ಕೇಳಿದರೆ ಎಲ್ಲ ಇದೆ ಎಂದಳಂತೆ.

"ಕಷ್ಟದ್ದು ಬಂದು ಸುಲಭದ್ದು ಬರದೇ ಇರೋದು ಒಂದೇ ಕಾರಣಕ್ಕಮ್ಮ," ಎಂದರು ಅಕ್ಕಾರು. "ಯಾರೋ ಉತ್ತರ ಹೇಳಿಕೊಟ್ಟಿರಬೇಕು. ಹೇಳಿಕೊಡುವವರು ಕಷ್ಟದ್ದನ್ನೇ ಹೇಳಿಕೊಡ್ತಾರೆ. ನೀವೇ ಬೆಳಿಗ್ಗೆ ಹೇಳಿದ್ರಿ, ಮಾತು ತಡ, ಮನೇಲಿ ಓದೋದಿಲ್ಲ ಅಂತ. ನಿಮ್ಮ ಮೇಷ್ಟ್ರ ಹತ್ರ ಈ ಕಾರ್ಡುಗಳೇನಾದ್ರೂ ಇದ್ವಾ? ಯಾರು ಹೇಳಿಕೊಟ್ರು?"

ಯಾರೂ ಇಲ್ಲರಿ ಎಂದಳು ಕೊಟ್ರಮ್ಮ. ಮೂರು ಕಾಲಿನ ಕುರ್ಚಿಯನ್ನು ನೋಡುತ್ತಲೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಅಂಗಾಲಿನ ಕೆಳಗೆ ಅಕ್ಕನ ಚಪ್ಪಲಿ ಬೆವರಿಗೆ ಜಾರುತ್ತಿತ್ತು. ಅಕ್ಕಾರು ಕೆಟ್ಟ ಮನಸ್ಸಿನವರಲ್ಲ, ಅವಳು ಏನಾದರೂ ಹೇಳಲಿ ಎಂದು ಕಾರ್ಡನ್ನು ಅವಳ ಕಡೆಗೇ ಹಿಡಿದಿದ್ದರು. ಹೇಳುವುದಾದರೂ ಏನನ್ನು? ಇಷ್ಟು ಓದಿದ ಹೆಂಗಸಿನ ಮುಂದೆ, ಕೌದಿಯ ಕರೀ ತುಂಡಿನ ಕತೆಯನ್ನೇ? ಅದಕ್ಕಿಂತ ಕೆಳಗೆ ಇನ್ನೊಂದು ಯೋಚನೆ ತಣ್ಣಗೆ ಎದ್ದಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೇಳದಿದ್ದರೆ ಮಗಳು ಮನೆಯಲ್ಲೇ ಉಳಿಯುತ್ತಾಳೆ. ರಾತ್ರಿ ನಿದ್ದೆಯಲ್ಲಿ ಕಾಲನ್ನು ತಾಯಿಯ ಹೊಟ್ಟೆಯ ಮೇಲೆ ಹಾಕಿಕೊಂಡು ಮಲಗುವ ಕೂಸು. ಆ ಕಾಲಿನ ಭಾರವಿಲ್ಲದೆ ಕೊಟ್ರಮ್ಮನಿಗೆ ನಿದ್ದೆ ಹತ್ತುವುದಿಲ್ಲ. ತಾನಾಗಿ ತಡೆಯಬೇಕಾಗಿಲ್ಲ, ಗಂಡನ ಜೊತೆ ಜಗಳವಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಸುಮ್ಮನಿದ್ದಳು. ಸರಿ, ಹಾಗಾದರೆ ನಾನೇನೂ ಮಾಡುವ ಹಾಗಿಲ್ಲ, ಸಂಶಯವಿದೆ ಎಂದು ಬರೆಯಬೇಕಾಗುತ್ತದೆ ಎಂದು ಅಕ್ಕಾರು ಎದ್ದು ನಿಂತರು.

ಬಂಗಲೆಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು. ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಬಿಸಿಲಿಗೆ ಬಳ್ಳಾರಿಯ ಗುಡ್ಡದ ಬಂಡೆಗಳು ಕಣ್ಣು ಚುಚ್ಚುತ್ತಿದ್ದವು. ಎರ್ರಿ ರೊಟ್ಟಿಯನ್ನು ಚಟ್ನಿಗೆ ಒತ್ತುತ್ತ ತಾಯಿಯ ಮುಖ ನೋಡಿದಳು, ಶಾಭಾಸ್ ಅನ್ನಲಿ ಎಂಬಂತೆ.

"ಎಲ್ಲಾದ್ರಾಗೂ ಒಂದೊಂದು ತಪ್ಪು ಇಟ್ಟೀನಿ ಬೇ, ನೀ ಹೇಳಿದಂಗ."

ಸಲೀಸಿದ್ದದ್ದನ್ನು ಯಾಕೆ ಇಟ್ಟೆ ಎಂದು ಕೇಳಿದಳು ಕೊಟ್ರಮ್ಮ. ಕೇಳಿದ್ದು ತಾನೇ ಹೌದೋ ಅಲ್ಲವೋ ಎನ್ನುವಷ್ಟು ಸಣ್ಣಗಿತ್ತು ದನಿ.

"ಕಷ್ಟದವು ಭಾಳ ಚಂದ ಇದ್ವು. ಅವನ್ನ ಕೆಡಸಾಕ ಮನಸ್ಸಾಗ್ಲಿಲ್ಲ."

ಕೊಟ್ರಮ್ಮ ರೊಟ್ಟಿಯನ್ನು ಮುರಿದಳು, ಬಾಯಿಗೆ ಹಾಕಲಿಲ್ಲ. ಗಿರಣಿಯಿಂದ ಬಂದ ಗಂಡನ ಮುಂದೆ ಮಗಳು ಮಗ್ಗಿ ಹೇಳುವಾಗ ಒಂದು ಕಡೆ ಎಡವುತ್ತಿದ್ದದ್ದು, ಮೇಷ್ಟ್ರು ಮನೆಗೆ ಬಂದ ದಿನ ತಾರೀಖು ತಪ್ಪು ಹೇಳಿದ್ದು, ಮಠದಲ್ಲಿ ವಚನ ಹೇಳುವಾಗ ನಡುವೆ ಒಂದು ಸಾಲು ನುಂಗಿದ್ದು, ಎಲ್ಲ ಸಾಲಾಗಿ ಬಂದು ನಿಂತವು. ಆಗೆಲ್ಲ ತಾನು ಒಳಗೊಳಗೆ ಜಾಣೆ ಎಂದು ಮೆಚ್ಚಿಕೊಂಡಿದ್ದಳು. ಕೂಸು ಇಷ್ಟು ವರ್ಷ ಪ್ರತಿ ಮಾತಿಗೂ ಮೊದಲು, ಸರಿಯಾದದ್ದು ಯಾವುದು ಎಂದು ಹುಡುಕಿ, ಆಮೇಲೆ ಯಾವುದನ್ನು ಕೆಡಿಸಲಿ ಎಂದೂ ಹುಡುಕುತ್ತಿತ್ತು. ಎರಡು ಪಟ್ಟು ಕೆಲಸ. ಅದನ್ನು ಹಚ್ಚಿದವಳು ತಾನು.

ಆದರೂ ಎದ್ದು ಬಸ್ ನಿಲ್ದಾಣದ ದಾರಿ ಹಿಡಿದಳು. ಮನುಷ್ಯ ಒಂದು ಸಲ ಸುಮ್ಮನಿದ್ದ ಮೇಲೆ ಆ ಮೌನದಿಂದ ಹೊರಗೆ ಬರುವುದು ಸುಲಭವಲ್ಲ. ಅದಕ್ಕೆ ಕಾರಣಗಳು ತಾವಾಗಿ ಬಂದು ಕೂಡುತ್ತವೆ. ಸಿರುಗುಪ್ಪದಲ್ಲೇನು ಸಾಲಿ ಇಲ್ಲವೇ? ಹೆಣ್ಣುಮಗಳು ಎಷ್ಟು ಓದಬೇಕು? ಅಲ್ಲಿ ಜ್ವರ ಬಂದರೆ ಹಣೆ ಮುಟ್ಟುವವರು ಯಾರು? ಗಂಡನಿಗೆ, ಆರಿಸಲಿಲ್ಲವಂತೆ ಎಂದರಾಯಿತು. ಎರಡು ದಿನ ಮುಖ ಗಂಟು ಹಾಕಿಕೊಳ್ಳುತ್ತಾನೆ, ಮೂರನೇ ದಿನ ಭತ್ತದ ಲಾರಿ ಬಂದರೆ ಮರೆಯುತ್ತಾನೆ. ಎರ್ರಿ ಅವಳ ಕೈ ಹಿಡಿದು ದಾರಿಯುದ್ದಕ್ಕೂ ಗೋಡೆ ಓದುತ್ತ ಬರುತ್ತಿದ್ದಳು. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಕೆಳಗಿನದು, ಸೋಡಾ ಅಂಗಡಿಯದು, ಟೈಲರನದು. ಹತ್ತಿರ ಯಾರಾದರೂ ಸುಳಿದರೆ ಒಂದು ಅಕ್ಷರವನ್ನು ಬೇಕೆಂದೇ ತಪ್ಪು ಓದುತ್ತಿದ್ದಳು. ಅವರು ದಾಟಿದ ಮೇಲೆ ಅದನ್ನೇ ಪಿಸುದನಿಯಲ್ಲಿ ಸರಿಯಾಗಿ ಓದುತ್ತಿದ್ದಳು. ಕೊಟ್ರಮ್ಮನಿಗೆ ಇದು ಇವತ್ತೇ ಮೊದಲ ಸಲ ಕೇಳಿಸುತ್ತಿತ್ತು. ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಟೈಲರನ ಅಂಗಡಿ ದಾಟಿದ ಮೇಲೆ ಮಗಳು ಕೇಳಿದಳು:

"ಅವ್ವ, ಆ ಅಕ್ಕಾರು ನನ್ನ ಕಳ್ಳಿ ಅಂದ್ರಾ?"

ನೀರು ಕುಡಿದು ಬಂದವಳು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದಳು. ಹಾಗೇನೂ ಅನ್ನಲಿಲ್ಲ ಎಂದು ಕೊಟ್ರಮ್ಮ ಹೇಳಿದಳು. ಎರ್ರಿ ಮುಂದಿನ ಗೋಡೆಯನ್ನು ಓದದೆ ದಾಟಿದಳು. ಅಳು ಬಂದಿರಲಿಲ್ಲ, ಲೆಕ್ಕ ಬಿಡಿಸುವಾಗಿನ ಹಾಗೆ ಹುಬ್ಬು ಕೂಡಿತ್ತು.

"ಅಂದ್ರ ಅನ್ಲಿ ಬಿಡು," ಎಂದಳು ಆಮೇಲೆ. "ಅದೂ ಒಂದು ತಪ್ಪು ಅಂತ ನನ್ನ ಮ್ಯಾಲ ಇರ್ಲಿ. ಆಗ ಜ್ವರ ಬರಂಗಿಲ್ಲ ಅಲಾ?"

ಕೊಟ್ರಮ್ಮ ನಡುರಸ್ತೆಯಲ್ಲೇ ನಿಂತಳು. ಹಿಂದಿನಿಂದ ಬಂದ ಜಟಕಾದವನು ಬೈದು ಕುದುರೆಯನ್ನು ಪಕ್ಕಕ್ಕೆ ಎಳೆದುಕೊಂಡು ಹೋದ. ತಾನು ಕೊಟ್ಟದ್ದು ಕಾಡಿಗೆಯ ಬೊಟ್ಟು, ಮಗಳು ಅದನ್ನು ಮುಖಕ್ಕೆಲ್ಲ ಬಳಿದುಕೊಳ್ಳಲು ಸಿದ್ಧವಾಗಿದ್ದಳು, ಅದೂ ತಾಯಿಗೆ ಸಮಾಧಾನವಾಗಲಿ ಎಂದು. ನಾಳೆ ಯಾರೋ ದಡ್ಡಿ ಅನ್ನುತ್ತಾರೆ, ಅದೂ ಇರಲಿ ಅನ್ನುತ್ತಾಳೆ. ಯಾರೋ ಒಬ್ಬ ಗಂಡನಾಗಿ ಬಂದು ಹೊಡೆಯುತ್ತಾನೆ, ಅದನ್ನೂ ಒಂದು ತಪ್ಪಿನ ಲೆಕ್ಕಕ್ಕೆ ಹಾಕಿಕೊಳ್ಳುತ್ತಾಳೆ. ಹುಚ್ಚೀ, ಹುಚ್ಚೀ ಎಂದುಕೊಂಡಳು. ಮಗಳಿಗಲ್ಲ. ಅಕ್ಕನ ಚಪ್ಪಲಿಯನ್ನು ಕಳಚಿ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮಗಳ ರಟ್ಟೆ ಹಿಡಿದು ತಿರುಗಿ ನಡೆದಳು. ಡಾಂಬರು ಅಂಗಾಲನ್ನು ಸುಡುತ್ತಿತ್ತು. ಸುಡಲಿ ಅನಿಸಿತು. ಬಸ್ಸು ತಪ್ಪುತ್ತದೆ ಬೇ ಎಂದು ಎರ್ರಿ ಹಿಂದೆ ಹಿಂದೆ ಓಡುತ್ತ ಬಂದಳು.

ಅಕ್ಕಾರು ಮೇಜಿನ ಮೇಲಿನದನ್ನೆಲ್ಲ ಪೆಟ್ಟಿಗೆಗೆ ತುಂಬಿಸುತ್ತಿದ್ದರು. ಸಂಜೆಯ ರೈಲಿಗೆ ಹೊರಡುವವರು. ಬರಿಗಾಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ ಹೆಂಗಸನ್ನು ನೋಡಿ, ಊರಿಗೆ ಹೋಗಲಿಲ್ಲವಾ ಎಂದು ಕೇಳಿದರು. ದಾರಿಯುದ್ದಕ್ಕೂ ಕೊಟ್ರಮ್ಮ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಬಾಗಿಲಿಗೆ ಬಂದಾಗ ಒಂದೂ ಉಳಿದಿರಲಿಲ್ಲ.

"ಅಕ್ಕಾರ, ಯಾರು ಹೇಳಿಕೊಟ್ರು ಅಂತ ಕೇಳಿದ್ರಲ್ರಿ. ನಾನ ಹೇಳಿಕೊಟ್ಟೀನ್ರಿ."

ಅಕ್ಕಾರು ಕೈಯಲ್ಲಿದ್ದ ಕಾರ್ಡುಗಳನ್ನು ಕೆಳಗಿಟ್ಟರು.

"ಬರೋಬ್ಬರಿ ಹೇಳಾಕ ಅಲ್ರಿ. ತಪ್ಪು ಹೇಳಾಕ."

ಆಮೇಲೆ ಎಲ್ಲ ಬಂತು, ಹಿಂದು ಮುಂದಾಗಿ. ಬಸ್ ನಿಲ್ದಾಣ, ಬಜ್ಜಿ, ಜ್ವರ, ಉದುರಿದ ಕೂದಲು, ಕೌದಿ. ಬೆಳಿಗ್ಗೆ ತಾನು ಹೇಳಿದ್ದೂ ಸುಳ್ಳು, ಇದ್ದಿಲಿನಿಂದ ಬರೆದದ್ದನ್ನು ಒರೆಸಿದವಳು ತಾನು, ಅವಳು ಪಂಚಾಂಗವನ್ನೂ ಬಿಡದೆ ಓದುತ್ತಾಳೆ. ಮೇಷ್ಟ್ರದೇನೂ ತಪ್ಪಿಲ್ಲ. ಹೇಳುತ್ತ ಹೇಳುತ್ತ ಕೊಟ್ರಮ್ಮನಿಗೆ ತನ್ನ ಮಾತು ತನಗೇ ಪೆದ್ದುಪೆದ್ದಾಗಿ ಕೇಳಿಸುತ್ತಿತ್ತು. ಅಕ್ಕಾರ ತುಟಿಯ ತುದಿ ಅಲುಗುತ್ತದೆಯೋ ಎಂದು ನೋಡುತ್ತಿದ್ದಳು. ನಕ್ಕಿದ್ದರೆ ಬಹುಶಃ ಅಲ್ಲಿಗೇ ನಿಲ್ಲಿಸಿ ಹೊರಟುಬಿಡುತ್ತಿದ್ದಳು. ಅವರು ನಗಲಿಲ್ಲ. ಸಿಟ್ಟಾದರು. ಎಂಟು ವರ್ಷದ ಮಗುವಿಗೆ ಇಂಥದ್ದನ್ನು ಹೇಳಿಕೊಡುತ್ತಾರೆಯೇ, ನಾನು ಬರೆದು ಕಳಿಸಿಬಿಟ್ಟಿದ್ದರೆ ಏನು ಗತಿ ಎಂದು ಗದರಿದರು. ಕೊಟ್ರಮ್ಮನಿಗೆ ಆ ಗದರಿಕೆಯಿಂದ ಹಾಯೆನಿಸಿತು. ಆಮೇಲೆ ಅವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ಕೊಟ್ಟ ಪರೀಕ್ಷೆಯನ್ನೇ ಮತ್ತೆ ಕೊಡಲು ಬರುವುದಿಲ್ಲ, ಆದರೆ ಕಾರಣ ತಿಳಿದ ಮೇಲೆ, ಸಂಶಯ ಬಂದ ಮಕ್ಕಳಿಗೆ ಕೊಡಬಹುದಾದ ಬೇರೊಂದಿದೆ, ಅದರಲ್ಲಿ ಮಾತಿಲ್ಲ, ಬರೀ ಚಿತ್ರ, ಗೆರೆ. ಅದನ್ನು ಯಾರೂ ಹೇಳಿಕೊಡಲಾಗದು. ಅದರಲ್ಲಿ ಬಂದದ್ದನ್ನೇ ಬರೆಯುತ್ತೇನೆ ಎಂದರು.

"ಆದರೆ ಅದರಲ್ಲೂ ಬೇಕಂತ ಒಂದು ತಪ್ಪು ಮಾಡಿದ್ರೆ ನಾನೇನೂ ಮಾಡಕ್ಕಾಗಲ್ಲ. ನಾನು ಹೇಳಿದ್ರೆ ಅವಳು ಕೇಳೋದಿಲ್ಲ. ನೀವೇ ಹೇಳಬೇಕು."

ವರಾಂಡದಲ್ಲಿ ಕೊಟ್ರಮ್ಮ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎರ್ರಿ ಕುರ್ಚಿಯ ಬೆತ್ತದ ತೂತಿಗೆ ಬೆರಳು ಹಾಕುತ್ತ ನಿಂತಿದ್ದಳು. ಇದರಲ್ಲಿ ತಪ್ಪನ್ನು ಎಲ್ಲಿಡಲಿ ಎಂದು ಅವಳೇ ಮೊದಲು ಕೇಳಿದಳು. ಎಲ್ಲೂ ಇಡಬೇಡ ಎಂದಳು ತಾಯಿ. ಮಗಳು ನಂಬಲಿಲ್ಲ. ಮುಖ ಸಣ್ಣಗಾಯಿತು. ಒಂದೂ ಬೇಡವೇ ಎಂದು ಮತ್ತೆ ಕೇಳಿದಳು. ಎಂದೂ ಯಾವ ಪ್ರಶ್ನೆಗೂ ಹೆದರದ ಕೂಸು ಈಗ ಹೆದರಿತ್ತು; ಆ ಹೆದರಿಕೆಯನ್ನು ಅಲ್ಲಿ ಬಿತ್ತಿದವಳು ಯಾರು ಎಂಬುದು ಕೊಟ್ರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಸೆರಗಿನ ತುದಿಗೆ ಉಗುಳು ಹಚ್ಚಿ ಮಗಳ ಕೆನ್ನೆಯ ಮೇಲೆ ಹರಡಿದ್ದ ಕಾಡಿಗೆಯನ್ನು ಒರೆಸಿದಳು.

"ಪೂರಾ ಬರೋಬ್ಬರಿ ಮಾಡು. ತಪ್ಪು ನಾ ಇಟ್ಕೊಂತೀನಿ. ನೀ ಹೋಗು."

ಎರ್ರಿ ತಾಯಿಯನ್ನು ನೋಡಿದಳು, ಈ ಮಾತಿನಲ್ಲಿ ಎಲ್ಲಿಯಾದರೂ ಸುಳ್ಳಿದೆಯೇ ಎಂದು ಹುಡುಕುವಂತೆ. ಆಮೇಲೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಈ ಸಲ ದನಿಯೇ ಇರಲಿಲ್ಲ. ಮಾತಿಲ್ಲದ ಪರೀಕ್ಷೆ. ಕೊಟ್ರಮ್ಮ ಕುರ್ಚಿಯ ಮೇಲೆ ಕೂತಳು, ಎದ್ದಳು, ನೆಲದ ಮೇಲೆ ಕೂತಳು. ಚಾಂದಸಾಬ್ ಈಗ ಎಬ್ಬಿಸಲಿಲ್ಲ. ಒಂದು ಲೋಟ ನೀರು ತಂದಿಟ್ಟು, ತನ್ನ ಮೊಮ್ಮಗಳಿಗೂ ಅವಳ ತಾಯಿ ಹೀಗೆಯೇ ಕರೀ ದಾರ ಕಟ್ಟುತ್ತಾಳೆ ಎಂದು ಹೇಳಿ ಹೋದ. ಬೆಳಿಗ್ಗೆ ಮಗಳ ದನಿ ತಡೆದಾಗಲೆಲ್ಲ ಸೆರಗು ಹಿಂಡುತ್ತಿದ್ದಳು. ಈಗ ಹಿಡಿದುಕೊಳ್ಳಲು ಆ ದನಿಯೂ ಇಲ್ಲ. ಶಾಲೆ ಶುರುವಾಗುವ ಜೂನ್ ತಿಂಗಳಿಂದ ಹೀಗೆಯೇ ಇರುತ್ತದೆ ಎಂದು ಹೊಳೆಯಿತು. ಎಲ್ಲೋ ಒಂದು ಬಾಗಿಲಿನ ಆಚೆ ಅವಳು ಏನೋ ಮಾಡುತ್ತಿರುತ್ತಾಳೆ, ಇಲ್ಲಿ ಕೇಳಿಸುವುದಿಲ್ಲ. ಒಂದು ತಪ್ಪು ಮಾಡಲಿ ದೇವರೇ, ಎಂದು ಒಂದು ಗಳಿಗೆ ಅಂದುಕೊಂಡಳು. ಒಂದೇ ಒಂದು, ಮರೆತು. ತಕ್ಷಣ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಅಕ್ಕಾರು ಬಾಗಿಲು ತೆರೆದಾಗ ಅವರ ಮುಖದಲ್ಲಿ ದಣಿವೇ ಇರಲಿಲ್ಲ. ಎರ್ರಿಯ ಹೆಗಲ ಮೇಲೆ ಕೈಯಿಟ್ಟಿದ್ದರು. ಒಂದೂ ಬಿಟ್ಟಿಲ್ಲ ಕಣಮ್ಮಾ ಎಂದರು, ಒಂದೂ. ಕೊಟ್ರಮ್ಮನ ನಾಲಿಗೆಯ ಮೇಲೆ ಮಾತು ತಾನಾಗಿಯೇ ಬಂದು ನಿಂತಿತು: ಹಂಗೇನಿಲ್ಲರಿ, ಏನೋ ಅದೃಷ್ಟಕ್ಕ ಬಂದಿರಬೇಕು. ಅದನ್ನು ಹಲ್ಲು ಕಚ್ಚಿ ನುಂಗಿದಳು. ಮಗಳು ಅವಳ ಬಾಯನ್ನೇ ನೋಡುತ್ತಿದ್ದಳು. ಹೌದ್ರಿ, ಆಕಿ ಹಂಗ ಅದಾಳ್ರಿ ಎಂದಳು ಕೊಟ್ರಮ್ಮ. ಜೀವನದಲ್ಲಿ ಇಷ್ಟು ಭಯದಿಂದ ಯಾವ ಮಾತನ್ನೂ ಆಡಿರಲಿಲ್ಲ.

ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇಳಿಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಎರಡೂ ಕಡೆ ಕರೀ ಹೊಲಗಳು, ದೂರದಲ್ಲಿ ಕಾಲುವೆಯ ನೀರಿನ ಗೆರೆ. ಚಪ್ಪಲಿಯನ್ನು ಅಕ್ಕನಿಗೆ ಒಪ್ಪಿಸಿ, ತನ್ನ ಹರಕು ಹವಾಯಿ ಮೆಟ್ಟಿಕೊಂಡು ಬಂದಿದ್ದಳು. ಕಾಲು ತನ್ನದೆನಿಸುತ್ತಿತ್ತು, ಉಳಿದದ್ದು ಯಾವುದೂ ಅಲ್ಲ. ಎರ್ರಿ ಕಿಟಕಿಯ ಸರಳಿಗೆ ಮುಖವೊತ್ತಿ, ಮೈಲಿಗಲ್ಲು, ದಾರಿಬದಿಯ ಬೋರ್ಡು, ಎದುರು ಬಂದ ಲಾರಿಯ ಹಣೆಬರಹ, ಎಲ್ಲವನ್ನೂ ಓದುತ್ತಿದ್ದಳು. ಗಟ್ಟಿಯಾಗಿ. ಮುಂದಿನ ಸೀಟಿನ, ತಲೆಗೆ ಪಟಗ ಸುತ್ತಿದ್ದ ಮುದುಕ ತಿರುಗಿ ನೋಡಿದ. ಎರ್ರಿ ಒಂದು ಕ್ಷಣ ತಡೆದಳು, ತಾಯಿಯ ಕಡೆ ನೋಡಿದಳು, ಮತ್ತೆ ಓದತೊಡಗಿದಳು. ಒಂದೂ ತಪ್ಪಲಿಲ್ಲ. ಮುದುಕ ಭಲೆ ಎಂದ. ಪಕ್ಕದವರು ಕತ್ತು ಉದ್ದ ಮಾಡಿದರು. ಕೊಟ್ರಮ್ಮ ಮಗಳ ಹಣೆಯ ಮೇಲೆ ಅಂಗೈ ಇಟ್ಟಳು. ಬಿಸಿಯಾಗಿತ್ತು. ಬಿಸಿಲಿಗೆ ಇರಬೇಕು. ತನ್ನ ಹಣೆಯನ್ನು ಮುಟ್ಟಿ ನೋಡಿಕೊಂಡಳು, ಅದೂ ಬಿಸಿ. ಕಿಟಕಿಯ ಸರಳೂ ಬಿಸಿ. ಕೈಯನ್ನು ಮತ್ತೆ ಮಗಳ ಹಣೆಗೆ ತಂದು, ಯಾವುದು ಯಾರ ಬಿಸಿ ಎಂದು ತಿಳಿಯದೆ, ಅಲ್ಲೇ ಇಟ್ಟುಕೊಂಡು ಕೂತಳು.

ಸ್ವಲ್ಪ ಹೊತ್ತಿಗೆ ಎರ್ರಿ ತಲೆ ಕೊಡವಿದಳು.

"ಕೈ ತಗಿ ಬೇ. ಓದಾಕ ಕಾಣವಲ್ದು."

ಕೊಟ್ರಮ್ಮ ಕೈ ತೆಗೆದಳು.